ಲಕ್ಷ ಮನೆಯಿಂದ 715 ಜನಕ್ಕೆ: ಶೇಕಡಾವಾರು ಬದಲಾವಣೆಯ ಒಂದು ಪಾಠ

ತರಗತಿ: 8, ವಿಷಯ: ಗಣಿತ, ಅವಧಿ: 40 ನಿಮಿಷ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆ. ಪಠ್ಯದ ಲೆಕ್ಕಗಳ ಬದಲು ಮಕ್ಕಳಿಗೆ ಗೊತ್ತಿರುವ ನಗರವನ್ನೇ ಉದಾಹರಣೆಯಾಗಿ ತೆಗೆದುಕೊಂಡೆ.

ಕಲಿಕಾ ಉದ್ದೇಶಗಳು
1. ಏರಿಕೆ, ಇಳಿಕೆಗಳನ್ನು ಶೇಕಡಾದಲ್ಲಿ ಲೆಕ್ಕ ಹಾಕುವುದು.
2. ಬದಲಾವಣೆಯ ಕಾರಣಗಳನ್ನು ಗುರುತಿಸುವುದು.

ತೊಡಗಿಸುವಿಕೆ
ಕೆಳದಿ ಅರಸರು ಸುಮಾರು 1640ರಲ್ಲಿ ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಬದಲಿಸಿದರು. ಮನೆಗಳು ಲಕ್ಷದ ಹತ್ತಿರ ಬಂದಾಗ ಊರಿಗೆ ‘ನಗರ’ ಎಂಬ ಹೆಸರು ಬಂತೆಂದು ಪ್ರತೀತಿ. 1763ರಲ್ಲಿ ಹೈದರಾಲಿ ಅದನ್ನು ವಶಪಡಿಸಿಕೊಂಡು ಹೈದರ್‌ನಗರ ಎಂದು ಕರೆದ. ಮುಂದೆ ತಾಲ್ಲೂಕು ಕೇಂದ್ರವೂ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಇಂದಿನ ಹೊಸನಗರ. 1901ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 715.

ಅನ್ವೇಷಣೆ
1,00,000ದಿಂದ 715ಕ್ಕೆ ಇಳಿಕೆ ಶೇಕಡಾ ಎಷ್ಟು ಎಂದು ಕೇಳಿದೆ. 99.285 ಎಂಬ ಉತ್ತರ ಬೇಗ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಅದು ಮನೆ, ಇದು ಜನ. ಹೆಂಗೆ ಕಳೆಯೋದು?” ಎಂದ. ಪಾಠಯೋಜನೆಯಲ್ಲಿದ್ದ ನನ್ನ ತಪ್ಪು ಅದು. ಒಂದು ಪ್ರತೀತಿ, ಇನ್ನೊಂದು ಗಣತಿ. ಎರಡರ ಘಟಕವೂ ಬೇರೆ. ಲೆಕ್ಕವನ್ನು ಅಳಿಸಿ, ತಪ್ಪು ಎಲ್ಲಿದೆ ಎಂದು ಅವನಿಂದಲೇ ಹೇಳಿಸಿದೆ.

ವಿವರಣೆ
ಒಂದೇ ಬಗೆಯ ಎರಡು ಅಂಕಿಗಳನ್ನು ಕೊಟ್ಟೆ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 16,42,545, 2011ರಲ್ಲಿ 17,52,753. ವ್ಯತ್ಯಾಸ 1,10,208. ಅದನ್ನು 2001ರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಏರಿಕೆ ಶೇ. 6.71. ಇದೇ ಅವಧಿಯಲ್ಲಿ ರಾಜ್ಯದ ಏರಿಕೆ ಶೇ. 15.6. ನಮ್ಮಲ್ಲಿ ಏಕೆ ಕಡಿಮೆ ಎಂದು ಕೇಳಿದಾಗ, “ಅಣ್ಣ ಬೆಂಗಳೂರಾಗೆ ಅದಾನೆ” ಎಂಬಂಥ ಉತ್ತರಗಳೇ ಹೆಚ್ಚು ಬಂದವು.

ವಿಸ್ತರಣೆ
ಆಗ ಒಬ್ಬ ಹುಡುಗಿ, “ನಮ್ಮಜ್ಜನ ಊರು ಲಿಂಗನಮಕ್ಕಿ ನೀರಾಗೆ ಮುಳುಗಡೆ ಆತು ಸರ್. ಅದಕ್ಕೆ ಶೇಕಡಾ ಎಷ್ಟು?” ಎಂದಳು. ಇಳಿಕೆ ಶೇ. 100 ಎಂದು ತರಗತಿಯೇ ಹೇಳಿತು. “ಹಂಗಾರೆ ಎಲ್ಲರೂ ಸತ್ರು ಅಂತನಾ? ನಾವು ಇದೀವಲ್ಲ?” ಎಂದಳು. 1964ರಲ್ಲಿ ಶರಾವತಿಗೆ ಅಣೆಕಟ್ಟು ಮುಗಿದಾಗ ಊರು ಬಿಟ್ಟವರು ಬೇರೆ ಊರುಗಳ ಲೆಕ್ಕಕ್ಕೆ ಸೇರಿದ್ದಾರೆ. ಅವಳ ಪ್ರಶ್ನೆಯಿಂದಲೇ ಹಲಗೆಯ ಮೇಲೆ ಸೂತ್ರ ಬರೆದೆವು:

ಬದಲಾವಣೆ = ಜನನ − ಮರಣ + ಬಂದವರು − ಹೋದವರು

ಮೌಲ್ಯಮಾಪನ
ಅಜ್ಜ-ಅಜ್ಜಿಯ ಕಾಲದಲ್ಲಿ ಮನೆಯಲ್ಲಿ ಎಷ್ಟು ಜನ, ಈಗ ಎಷ್ಟು ಎಂದು ಕೇಳಿ ಬಂದು ಶೇಕಡಾ ಬದಲಾವಣೆ ತೆಗೆಯಬೇಕು. ಯಾರು ಎಲ್ಲಿಗೆ, ಏಕೆ ಹೋದರು ಎಂದೂ ಬರೆಯಬೇಕು.

ಸ್ವವಿಮರ್ಶೆ
ಅವಧಿ ಸಾಲದೆ ಮೌಲ್ಯಮಾಪನ ಮನೆಗೆಲಸವಾಯಿತು. ಮೊದಲ ಲೆಕ್ಕದ ತಪ್ಪನ್ನು ನಾನು ಬೇಕೆಂದೇ ಇಟ್ಟದ್ದೆಂದು ವೀಕ್ಷಣೆಗೆ ಬಂದ ಉಪನ್ಯಾಸಕರು ಭಾವಿಸಿದ್ದರು, ಅಲ್ಲವೆಂದು ಒಪ್ಪಿಕೊಂಡೆ. ಮುಂದಿನ ಸಲ ಬೇಕೆಂದೇ ಇಡುತ್ತೇನೆ. ಊರಿನ ಅಂಕಿ ಬಳಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು: ಅಂಕಿ ಎಣಿಸಿದ್ದೋ, ಹೇಳಿಕೊಂಡು ಬಂದದ್ದೋ ನೋಡಿಕೊಳ್ಳಿ. ಅದರ ಹಿಂದಿನ ಜನ ನಿಮ್ಮೆದುರಿನ ಬೆಂಚಿನಲ್ಲೇ ಕೂತಿರಬಹುದು. ಅವರು ಮಾತಾಡಲು ಐದು ನಿಮಿಷ ಬಿಡಿ.