ಕಲಿಸಿದ ಪಾಠ ಗದ್ದೆಗೆ ಮುಟ್ಟಿತೇ?



ಕೃಷಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಪ್ರಶ್ನಾವಳಿ ಹಿಡಿದು ನಿಮ್ಮ ಗದ್ದೆಯ ಬದುವಿಗೆ ಬಂದಿರಬಹುದು. ಈ ಬೆಳೆಗೆ ಎಷ್ಟು ಸಲ ಔಷಧಿ ಹೊಡೆದಿರಿ? ಯಾವ ಹುಳುವಿಗೆ ಹೊಡೆದಿರಿ? ಹೊಡೆಯಲು ಹೇಳಿದವರು ಯಾರು? ಎಂದೆಲ್ಲ ಕೇಳಿರಬಹುದು. "ಇದನ್ನು ಬರೆದುಕೊಂಡು ಹೋಗಿ ಇವರು ಮಾಡುವುದೇನು?" ಎಂಬ ಸಂದೇಹ ನಿಮಗೆ ಬಂದಿದ್ದರೆ ಅದು ಸಹಜವೇ. ಆ ಸಂದೇಹಕ್ಕೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಪರಿಸರ ಶಿಕ್ಷಣವೆಂದರೆ ವನಮಹೋತ್ಸವದ ದಿನ ಶಾಲಾ ಮಕ್ಕಳಿಗೆ ಹೇಳುವ ಮಾತಷ್ಟೇ ಅಲ್ಲ. ನೆಲ, ನೀರು, ಪೈರು, ಹುಳು ಇವುಗಳ ಪರಸ್ಪರ ಸಂಬಂಧವನ್ನು ತಿಳಿಸಿ, ತಿಳಿದಂತೆ ನಡೆಯಲು ಕಲಿಸುವುದೂ ಪರಿಸರ ಶಿಕ್ಷಣವೇ. ಹೀಗೆ ಕಲಿಸಿದ ಮೇಲೆ ಕಲಿತವರ ನಡತೆ ಬದಲಾಯಿತೇ, ಕಲಿತದ್ದು ನೆರೆಯವರಿಗೂ ಹರಡಿತೇ, ಎಷ್ಟು ಕಾಲ ಉಳಿಯಿತು ಎಂದು ಅಳೆದು ನೋಡುವುದು ಅದರ ಸಂಶೋಧನೆ. ಭತ್ತ ಬೆಳೆಯುವ ಎರಡು ದೇಶಗಳಲ್ಲಿ ಇದರಿಂದ ಏನಾಯಿತೆಂದು ನೋಡೋಣ.

ಇಂಡೋನೇಷ್ಯಾದ ಕ್ಷೇತ್ರ ಪಾಠಶಾಲೆ

ಇಂಡೋನೇಷ್ಯಾದಲ್ಲಿ 1970ರ ದಶಕದಿಂದ ಸರ್ಕಾರವೇ ಭಾರಿ ಸಹಾಯಧನ ಕೊಟ್ಟು ಕೀಟನಾಶಕಗಳನ್ನು ರೈತರಿಗೆ ಒದಗಿಸುತ್ತಿತ್ತು. ಆದರೂ ಕಂದು ಜಿಗಿಹುಳುವಿನ ಹಾವಳಿ ತಗ್ಗಲಿಲ್ಲ. ಕಾರಣ ಇಷ್ಟೇ: ಗದ್ದೆಯಲ್ಲಿರುವ ಜೇಡ, ಗುಲಗಂಜಿ ಹುಳು, ಮಿರಿಡ್ ತಿಗಣೆ ಮೊದಲಾದ ಮಿತ್ರಜೀವಿಗಳು ಜಿಗಿಹುಳುವನ್ನೋ ಅದರ ಮೊಟ್ಟೆಯನ್ನೋ ತಿಂದು ಹದ್ದಿನಲ್ಲಿಡುತ್ತವೆ. ಔಷಧಿ ಬಿದ್ದೊಡನೆ ಮೊದಲು ಸಾಯುವುದು ಇವೇ. ಜಿಗಿಹುಳುವಿನ ಮೊಟ್ಟೆಗಳಾದರೋ ಎಲೆಕವಚದ ಒಳಗೆ ಭದ್ರವಾಗಿ ಉಳಿಯುತ್ತವೆ. ಅವು ಒಡೆದು ಮರಿಗಳು ಹೊರಬರುವಾಗ ತಿನ್ನುವವರೇ ಇರುವುದಿಲ್ಲ. ಗದ್ದೆ ಸುಟ್ಟಂತಾಗುತ್ತದೆ.

ಇದನ್ನು ಮನಗಂಡ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಕ್ರಮೇಣ ಸಹಾಯಧನವನ್ನೂ ನಿಲ್ಲಿಸಿತು. 1989ರಲ್ಲಿ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಸುಮಾರು 25 ರೈತರು ಬೆಳೆಯ ಅವಧಿಯಲ್ಲಿ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರುತ್ತಿದ್ದರು. ಹುಳುಗಳನ್ನು ಎಣಿಸುವರು, ಜೇಡವನ್ನೂ ಜಿಗಿಹುಳುವನ್ನೂ ಒಂದೇ ಪಂಜರದಲ್ಲಿಟ್ಟು ಯಾರು ಯಾರನ್ನು ತಿನ್ನುವರೆಂದು ಕಣ್ಣಾರೆ ನೋಡುವರು, ಅನಂತರ ಔಷಧಿ ಬೇಕೇ ಬೇಡವೇ ಎಂದು ತಾವೇ ತೀರ್ಮಾನಿಸುವರು. ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ರೈತರು ಈ ಪಾಠ ಕಲಿತರು.

ಕಲಿತವರ ಸಿಂಪರಣೆ ಇಳಿದಿದೆಯೆಂದು ಆರಂಭದ ವರದಿಗಳು ತಿಳಿಸಿದವು. ಆದರೆ ವಿಶ್ವಬ್ಯಾಂಕಿನ ಸಂಶೋಧಕರು 1991 ಮತ್ತು 1999ರಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಹೋಲಿಸಿ 2004ರಲ್ಲಿ ಬೇರೆಯೇ ಫಲಿತಾಂಶ ಪ್ರಕಟಿಸಿದರು. ಕಲಿತವರ ತಿಳಿವಳಿಕೆ ಸ್ವಲ್ಪ ಹೆಚ್ಚಿತ್ತು, ನಿಜ. ಇಳುವರಿಯಲ್ಲಾಗಲಿ ಔಷಧಿ ಬಳಕೆಯಲ್ಲಾಗಲಿ ಎದ್ದು ಕಾಣುವ ವ್ಯತ್ಯಾಸ ಅವರಿಗೆ ಸಿಗಲಿಲ್ಲ. ಪಕ್ಕದ ಗದ್ದೆಯವನಿಗೆ ಪಾಠ ತಾನಾಗಿ ಹರಡಿರಲೂ ಇಲ್ಲ. ಈ ಬಗ್ಗೆ ತಜ್ಞರಲ್ಲಿ ವಾದವಿವಾದ ನಡೆಯಿತು. ಆದರೂ "ಒಬ್ಬನಿಗೆ ಕಲಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ" ಎಂದು ನಂಬಿ ಹಣ ಹಾಕುವ ಮೊದಲು ಅಳೆದು ನೋಡಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ವಿಯೆಟ್ನಾಮಿನ 40 ದಿನಗಳು

ವಿಯೆಟ್ನಾಮಿನ ಮೆಕಾಂಗ್ ಪ್ರದೇಶದಲ್ಲಿ ಸಂಶೋಧಕರು ಮೊದಲು ಪಾಠ ಹೇಳಲಿಲ್ಲ, ಪ್ರಶ್ನೆ ಕೇಳಿದರು. ಬಿತ್ತಿದ ಕೆಲವೇ ವಾರಗಳಲ್ಲಿ ಎಲೆ ಸುರುಳಿ ಹುಳುವಿಗೆ ಹೆದರಿ ಬಹುಪಾಲು ರೈತರು ಔಷಧಿ ಹೊಡೆಯುತ್ತಿದ್ದುದು ತಿಳಿಯಿತು. ಎಳೆಯ ಪೈರಿನಲ್ಲಿ ಎಲೆ ಬಿಳಿಚಿದ್ದು ಕಣ್ಣಿಗೆ ರಾಚುತ್ತದೆ, ರೈತ ಗಾಬರಿಯಾಗುತ್ತಾನೆ. ಆದರೆ ಆ ಹಂತದಲ್ಲಿ ಪೈರು ಹೊಸ ಎಲೆ, ಹೊಸ ತೆಂಡೆ ಹೊರಡಿಸಿ ನಷ್ಟವನ್ನು ತುಂಬಿಕೊಳ್ಳಬಲ್ಲುದು.

ಆದ್ದರಿಂದ ಅವರು ಆರಿಸಿಕೊಂಡದ್ದು ಒಂದೇ ಮಾತು: ಬಿತ್ತಿದ 40 ದಿನ ಕೀಟನಾಶಕ ಹೊಡೆಯಬೇಡಿ, ನಂಬಿಕೆ ಬಾರದಿದ್ದರೆ ಗದ್ದೆಯ ಒಂದು ಭಾಗದಲ್ಲಿ ಪರೀಕ್ಷಿಸಿ ನೋಡಿ. 1994ರಲ್ಲಿ ಲಾಂಗ್ ಆನ್ ಪ್ರಾಂತ್ಯದಲ್ಲಿ ಕರಪತ್ರ, ಭಿತ್ತಿಪತ್ರ, ರೇಡಿಯೋ ನಾಟಕಗಳ ಮೂಲಕ ಇದನ್ನು ಸಾರಿದರು. ಬೆಳೆಯೊಂದಕ್ಕೆ ಸರಾಸರಿ 3ಕ್ಕಿಂತ ಹೆಚ್ಚಿದ್ದ ಸಿಂಪರಣೆ ಮೂರು ವರ್ಷದೊಳಗೆ 2ಕ್ಕಿಂತ ಕೆಳಗಿಳಿಯಿತು. ಈ ಲೆಕ್ಕ ಕೈಯಲ್ಲಿದ್ದುದರಿಂದಲೇ ಇತರ ಪ್ರಾಂತ್ಯಗಳ ಅಧಿಕಾರಿಗಳೂ ಒಪ್ಪಿದರು. 2003ರಲ್ಲಿ ಬೀಜ, ಗೊಬ್ಬರ, ಕೀಟನಾಶಕ ಮೂರನ್ನೂ ತಗ್ಗಿಸುವ ಆಂದೋಲನವೇ ಆರಂಭವಾಯಿತು.

ಆದರೂ 2006ರ ಸುಮಾರಿಗೆ ಅಲ್ಲಿ ಜಿಗಿಹುಳು ಮತ್ತು ಅದು ಹರಡುವ ನಂಜುರೋಗ ಮತ್ತೆ ಕಾಡಿದವು. ಒಮ್ಮೆ ಕಲಿತ ಪಾಠವನ್ನು ಆಗಾಗ್ಗೆ ನೆನಪಿಸುತ್ತಿರಬೇಕು.

ಇದರಿಂದ ಯಾರಿಗೇನು ಲಾಭ?

ಸರ್ಕಾರಕ್ಕೆ: ಬಿಡಿಸಿ ಕಲಿಸಬೇಕಾದ ವಿಷಯಕ್ಕೆ ಗದ್ದೆಯ ಶಾಲೆ ಬೇಕು, ಒಂದೇ ಮಾತಿನಲ್ಲಿ ಮುಗಿಯುವ ವಿಷಯಕ್ಕೆ ರೇಡಿಯೋ ಸಾಕು. ಯಾವುದಕ್ಕೆ ಎಷ್ಟು ಹಣ ಎಂಬ ತೀರ್ಮಾನ ಊಹೆಯ ಮೇಲೆ ನಿಲ್ಲಬೇಕಾಗಿಲ್ಲ.

ರೈತನಿಗೆ: ಬೇಡವಾದ ಒಂದು ಸಿಂಪರಣೆ ಉಳಿದರೆ ಔಷಧಿಯ ದುಡ್ಡು ಉಳಿಯಿತು, ಆಳಿನ ಕೂಲಿ ಉಳಿಯಿತು, ಪಂಪು ಹೊತ್ತವನ ಆರೋಗ್ಯ ಉಳಿಯಿತು.

ನೀವು ಮಾಡಬೇಕಾದುದು

1. ವಿಯೆಟ್ನಾಮಿನ ಮಾತನ್ನು ಕಣ್ಣು ಮುಚ್ಚಿ ಅನುಸರಿಸಬೇಡಿ. ಅಲ್ಲಿ ನೇರ ಬಿತ್ತನೆ ಹೆಚ್ಚು, ನಮ್ಮಲ್ಲಿ ನಾಟಿ ಹೆಚ್ಚು. ಕಾಂಡಕೊರಕದಂತಹ ಹುಳುಗಳ ಬಗ್ಗೆ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದವರನ್ನು ವಿಚಾರಿಸಿ.

2. ಅವರ ಸಲಹೆಯಂತೆ ಒಂದು ಚಿಕ್ಕ ಮಡಿಯನ್ನು ಔಷಧಿ ಹೊಡೆಯದೆ ಬಿಟ್ಟು, ಅದರ ಇಳುವರಿಯನ್ನು ಬೇರೆಯಾಗಿ ತೂಗಿ.

3. ವಾರಕ್ಕೊಮ್ಮೆ ಗದ್ದೆಗಿಳಿದು ಬುಡ ಸರಿಸಿ ನೋಡಿ. ಹುಳುವಿನ ಜೊತೆಗೆ ಜೇಡವನ್ನೂ ಎಣಿಸಿ, ಬರೆದಿಡಿ.

4. ಪ್ರಶ್ನಾವಳಿ ಹಿಡಿದು ಬಂದವರಿಗೆ ನಿಜವನ್ನೇ ಹೇಳಿ. ನಾಲ್ಕು ಸಲ ಹೊಡೆದು, ಬಂದವರಿಗೆ ಹಿತವಾಗಲೆಂದು "ಒಂದೇ ಸಲ" ಎಂದರೆ, ಕಲಿಸಿದ ಪಾಠ ಸರಿಯಾಗಿದೆ ಎಂದೇ ಲೆಕ್ಕಕ್ಕೆ ಬರುತ್ತದೆ. ಮುಟ್ಟದ ಪಾಠವನ್ನೇ ಮತ್ತೆ ಹೇಳುತ್ತಾರೆ. ಅದರ ಖರ್ಚು ಕೊನೆಗೆ ಬೀಳುವುದು ನಿಮ್ಮ ಮೇಲೆಯೇ.

ಆ ವಿದ್ಯಾರ್ಥಿ ಮತ್ತೆ ಬಂದರೆ ಬದುವಿನ ಮೇಲೆ ಕೂರಿಸಿ, ನಿಮ್ಮ ಲೆಕ್ಕದ ಪುಸ್ತಕ ತೆರೆದು ತೋರಿಸಿ. ಕಳೆದ ವರ್ಷ ಕೇಳಿಕೊಂಡು ಹೋದದ್ದರಿಂದ ಏನು ತಿಳಿಯಿತೆಂದು ನೀವೂ ಅವನನ್ನು ಕೇಳಿ. ಆ ಉತ್ತರ ಪಡೆಯುವ ಹಕ್ಕು ನಿಮಗಿದೆ.