ಮಾತ್ರೆ ಡಬ್ಬಿಯ ಸದ್ದು

ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಒಂದು ಎಆರ್‌ಟಿ ಕೇಂದ್ರದಲ್ಲಿ ಬಹಳ ಕಾಲದಿಂದ ಆಪ್ತಸಮಾಲೋಚಕಿಯಾಗಿದ್ದೇನೆ. ಎಚ್‌ಐವಿ ವೈರಸ್ಸನ್ನು ಹದ್ದುಬಸ್ತಿನಲ್ಲಿಡಲು ಈಗ ಹೆಚ್ಚಿನವರಿಗೆ ದಿನಕ್ಕೊಂದು ಟಿಎಲ್‌ಡಿ ಮಾತ್ರೆ ಸಾಕು. ಆದರೆ ಸೋಂಕನ್ನು ಮುಚ್ಚಿಟ್ಟುಕೊಂಡು ಬಾಳುವ ದುಡಿಮೆಗೆ ರಜೆಯೇ ಇಲ್ಲ. ಮನಸ್ಸನ್ನು ಹೆಚ್ಚು ಸವೆಸುವುದು ಅದೇ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ನಾಲ್ಕು ಮಾತು ಬರೆದಿಡುತ್ತಿದ್ದೇನೆ. ಆರಾದರೂ ಆದೀತು.

1. ವರದಿ ಕೊಟ್ಟ ದಿನ ಪಾಠ ಮಾಡಬೇಡಿ.

ಪಾಸಿಟಿವ್ ಅಂದ ಮೇಲೆ ಸಿಡಿ4 ಅಂದರೇನು, ವೈರಲ್ ಲೋಡ್ ಅಂದರೇನು ಎಂದು ವಿವರಿಸುತ್ತ ಕೂತರೆ ಎದುರಿನವರು ತಲೆಯಾಡಿಸುತ್ತಾರೆ, ಅಷ್ಟೇ. ಅವತ್ತು ಕೇಳಬೇಕಾದ್ದು ಬೇರೆ. ರಾತ್ರಿ ಜೊತೆಗೆ ಯಾರಿರುತ್ತಾರೆ? ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಇದೆಯೇ, ಅದನ್ನು ಕೀಲಿ ಹಾಕಿಡುವವರು ಯಾರು? "ಜೀವ ಸಾಕು ಅನಸ್ತೈತೇನ್ರಿ?" ಎಂದು ನೇರ ಕೇಳಲು ಹೊಸಬರು ಹೆದರುತ್ತಾರೆ. ಕೇಳಿದ್ದರಿಂದ ಯಾರ ತಲೆಗೂ ಆ ಯೋಚನೆ ಹೊಸದಾಗಿ ಹೊಗುವುದಿಲ್ಲ. ಹೌದು ಅನ್ನಲು ಅವರಿಗೊಂದು ಜಾಗ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡಿ. ಆ ಚೀಟಿಯಲ್ಲಿ ಎಚ್‌ಐವಿ ಎಂಬ ಅಕ್ಷರ ಇರಕೂಡದು.

2. ಮಾತ್ರೆ ಎಲ್ಲಿಡುತ್ತೀರಿ ಎಂದು ಕೇಳಿ.

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಕೇಂದ್ರದ ಹೊರಗೇ ಲೇಬಲ್ ಕಿತ್ತೆಸೆದು ಹೋಗುವವರಿದ್ದಾರೆ. ಬಸ್ಸು ಕುಲುಕಿದಾಗ ಮಾತ್ರೆ ಗಲಗಲ ಅನ್ನಬಾರದೆಂದು ಡಬ್ಬಿಯೊಳಗೆ ಹತ್ತಿ ತುರುಕುವವರಿದ್ದಾರೆ. ತಮ್ಮ ಊರಿನ ಹತ್ತಿರದ ಕೇಂದ್ರ ಬಿಟ್ಟು, ಪಕ್ಕದ ಜಿಲ್ಲೆಗೆ ಒಂದು ದಿನದ ಕೂಲಿ ಕಳಕೊಂಡು ಬರುವವರಿದ್ದಾರೆ. ಒಬ್ಬ ಅಕ್ಕ ಮಾತ್ರೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದಳು. ರೊಟ್ಟಿ ಬಡಿಯುವವಳು ಅವಳೊಬ್ಬಳೇ. ಪ್ರತಿ ಸಲ ಉಳಿದ ಮಾತ್ರೆ ಎಣಿಸುವುದು ನಮ್ಮ ರೂಢಿ. ಒಮ್ಮೆ ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದವು. "ನಮ್ಮತ್ತಿ ಬಂದಿದ್ರು ರೀ. ಅವರು ಬಂದಾಗ ಅಡಗಿಮನಿ ನಂದಲ್ರೀ" ಅಂದಳು.

ಜಾತ್ರೆ, ಮದುವೆ, ಸೂತಕ: ಮನೆ ತುಂಬಿದಾಗಲೆಲ್ಲ ಮಾತ್ರೆ ಉಳಿಯುತ್ತವೆ. ಅದಕ್ಕೆ ಬೈದಿರೋ, ಮುಂದಿನ ಸಲ ಉಳಿದದ್ದನ್ನು ಬಸ್‌ಸ್ಟ್ಯಾಂಡಿನಲ್ಲೇ ಎಸೆದು ಲೆಕ್ಕ ಸರಿಮಾಡಿಕೊಂಡು ಬರುತ್ತಾರೆ. ಟಿಎಲ್‌ಡಿಗೆ ಊಟದ ಹಂಗಿಲ್ಲ. ಡಾಕ್ಟರನ್ನು ಕೇಳಿ ಆ ಅಕ್ಕನ ಮಾತ್ರೆಯನ್ನು ಹೊಲಕ್ಕೆ ಹೋಗುವ ಹೊತ್ತಿಗೆ ಬದಲಿಸಿದೆವು.

3. ಬೇಸರ ಇದ್ದದ್ದೇ ಎಂದು ಕೈಬಿಡಬೇಡಿ.

ಇಂಥ ಕಾಯಿಲೆ ಬಂದವರಿಗೆ ದುಃಖ ಇರದೆ ಇನ್ನೇನು ಎಂದು ಮನೆಯವರಷ್ಟೇ ಅಲ್ಲ, ನಮ್ಮ ಸಿಬ್ಬಂದಿಯೂ ಅನ್ನುತ್ತಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಹೀಗೇ ಎರಡು ವಾರ ಕಳೆದರೆ ಅದು ಖಿನ್ನತೆ ಇರಬಹುದು, ಅದಕ್ಕೂ ಔಷಧವಿದೆ. ಖಿನ್ನತೆ ಬಂದವರು ಮೊದಲು ಬಿಡುವುದೇ ಎಆರ್‌ಟಿ ಮಾತ್ರೆಯನ್ನು. ಔಷಧದ ಕಡೆಯೂ ಒಂದು ಕಣ್ಣಿರಲಿ. ಹಿಂದೆ ಕೊಡುತ್ತಿದ್ದ ಎಫಾವಿರೆಂಜ್‌ನಿಂದ ತಲೆಸುತ್ತು, ಕೆಟ್ಟ ಕನಸು, ಕೆಲವರಿಗೆ ಮನಸ್ಸು ಕುಗ್ಗುವುದೂ ಇತ್ತು. ರಾತ್ರಿಯೆಲ್ಲ ಹಾವು ಕಂಡು ಎದ್ದು ಕೂತವರು ದೆವ್ವ ಬಿಡಿಸಲು ಹೋಗಿದ್ದುಂಟು. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಕೂಡ ಕೆಲವರ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ತೆಗೆದುಕೊಂಡರೆ ಎಷ್ಟೋ ಮಂದಿಗೆ ಸರಿಹೋಗುತ್ತದೆ. ಮಾನಸಿಕ ಆರೋಗ್ಯ ವಿಭಾಗಕ್ಕೆ ಚೀಟಿ ಬರೆದು ಸುಮ್ಮನಾಗಬೇಡಿ, ಮೊದಲ ಸಲ ಜೊತೆಗೆ ಹೋಗಿ.

4. ತಟ್ಟೆ ಬೇರೆ ಮಾಡಿದ್ದು ಯಾರು, ವಿಚಾರಿಸಿ.

ಎಷ್ಟೋ ಮನೆಯಲ್ಲಿ ಅದು ಹೆಂಡತಿಯಲ್ಲ, ಸೋಂಕಿರುವ ಗಂಡ ತಾನೇ. ಮಗುವನ್ನು ಎತ್ತಿ ಮುದ್ದಿಸುವುದನ್ನೂ ಬಿಟ್ಟಿರುತ್ತಾನೆ. ಊಟದಿಂದ, ಅಪ್ಪುಗೆಯಿಂದ ಸೋಂಕು ಬರುವುದಿಲ್ಲವೆಂದು ಅವನಿಗೆ ಗೊತ್ತು; ಆದರೂ ಕೈ ಹಿಂದೆ ಸರಿಯುತ್ತದೆ. ಮಾತ್ರೆ ತಪ್ಪದೆ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲೇ ಇದ್ದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನಗಳಲ್ಲಿ ಹಾಗೆ ದಾಟಿದ ಒಂದು ಉದಾಹರಣೆಯೂ ಸಿಗಲಿಲ್ಲ. ಈ ಮಾತನ್ನು ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ. ನಂಬಲು ತಿಂಗಳುಗಳೇ ಹಿಡಿಯುತ್ತವೆ.

5. ಹೇಳುವ ಅವಸರ ನಿಮಗೆ ಬೇಡ.

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ, ಕಾನೂನೇ ಹೇಳಿರುವ ಕೆಲವು ಸಂದರ್ಭ ಬಿಟ್ಟರೆ, ಒಪ್ಪಿಗೆ ಇಲ್ಲದೆ ಯಾರ ಸ್ಥಿತಿಯನ್ನೂ ಬಯಲು ಮಾಡುವಂತಿಲ್ಲ. ಹೆಣ್ಣುಮಗಳಿಗೆ ಹೊಡೆತದ, ಮನೆಯಿಂದ ಹೊರಹಾಕುವ ಭಯವಿದ್ದರೆ ಆಕೆಯ ಸಂಗಾತಿಗೂ ನಾವು ತಿಳಿಸಕೂಡದು. ಯಾರಿಗೆ, ಯಾವಾಗ ಹೇಳುವುದೆಂದು ಅವರೇ ನಿರ್ಧರಿಸಲಿ.

6. ಸಾವಿಗೆ ಸಿದ್ಧರಾಗಿದ್ದವರ ಗೊಂದಲವೇ ಬೇರೆ.

ದೇಶದಲ್ಲಿ ಸರ್ಕಾರದ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಸೋಂಕು ಗೊತ್ತಾದವರು ಹೊಲ ಮಾರಿ, ಮಗಳ ಮದುವೆ ಬೇಗ ಮುಗಿಸಿ, ಕೈ ಚೆಲ್ಲಿ ಕೂತಿದ್ದರು. ಆಮೇಲೆ ಬದುಕಿದರು. ಹೊಲ ಮಾತ್ರ ಹೋಗಿತ್ತು. ಜೀವ ಉಳಿದದ್ದಕ್ಕೆ ಸಂತೋಷಪಡದೆ ಸಿಟ್ಟಾಗುವ ಇವರನ್ನು ಕೃತಘ್ನರೆಂದು ತಿಳಿಯಬೇಡಿ. ಅವರ ಕಡತದಲ್ಲಿ ಈಗ ಬಿಪಿ, ಸಕ್ಕರೆ ಕಾಯಿಲೆಯ ಹಾಳೆಗಳೇ ಹೆಚ್ಚು. ಈಚೆಗೆ ಅಂಥ ಹಿರಿಯರೊಬ್ಬರು ಕೊಳವೆಬಾವಿಗೆ ಐದು ವರ್ಷದ ಸಾಲ ಮಾಡಲೋ ಬೇಡವೋ ಎಂದು ಕೇಳಲು ಬಂದಿದ್ದರು. "ಅಲ್ಲೀತನಕ ಇರ್ತೀನೇನ್ರಿ ಮೇಡಂ?" ವೈರಲ್ ಲೋಡ್ ವರದಿ ತೋರಿಸಿ, ಇದರ ಚಿಂತೆ ಬಿಡಿ, ಉಪ್ಪು ಕಮ್ಮಿ ಮಾಡಿ ಅಂದೆ. ನೀರು ಬೀಳುತ್ತದೋ ಇಲ್ಲವೋ, ಅದು ನನ್ನ ವಿಭಾಗವಲ್ಲ.