‘ಯಶೋಧರ ಚರಿತೆ’ಯಲ್ಲಿ ಮರೆಮಾಚಿದ ನೋವು

ಹೊಯ್ಸಳ ವೀರಬಲ್ಲಾಳನ ಕಾಲದ ಜನ್ನಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಅಹಿಂಸೆಯನ್ನು ಸಾರುವ ಕಾವ್ಯವೆಂದು ಬೋಧಿಸುವುದು ವಾಡಿಕೆ. ಅದು ಮನೆತನವೊಂದು ಮುಚ್ಚಿಟ್ಟ ಗುಟ್ಟಿನ ಕಥೆಯೂ ಅಹುದು.

ಅರಸಿ ಅಮೃತಮತಿಯು ಪರಪುರುಷನಲ್ಲಿ ಅನುರಕ್ತಳಾದುದನ್ನು ಯಶೋಧರನು ಕಣ್ಣಾರೆ ಕಂಡನು. ತಾಯಿ ಚಂದ್ರಮತಿಗೆ ಅದನ್ನು ತಿಳಿಸದೆ, ದುಃಸ್ವಪ್ನ ಕಂಡೆನೆಂದನು. ಅದರ ಶಾಂತಿಗೆ ತಾಯಿ ಬಲಿಯನ್ನು ಸೂಚಿಸಿದಳು. ಮಗನು ಹಿಟ್ಟಿನ ಕೋಳಿಯ ಬಲಿಗೆ ಒಪ್ಪಿದನು. ಇಲ್ಲದ ರೋಗಕ್ಕೆ ಮಾಡಿದ ಮದ್ದು ಅದು. ಇದ್ದ ನೋವು ಒಳಗೇ ಉಳಿಯಿತು. ಅಮೃತಮತಿಯಿಕ್ಕಿದ ವಿಷದಿಂದ ಮಡಿದ ತಾಯಿ-ಮಗ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಕಡೆಗೆ ಕೋಳಿಗಳಾಗಿ, ಏನನ್ನೂ ಅರಿಯದ ಯಶೋಮತಿಯ ಬಾಣಕ್ಕೆ ಗುರಿಯಾದರು. ಅವನು ಯಶೋಧರನ ಮಗನೇ! ಬಳಿಕ ಅವನಿಗೇ ಅವಳಿಮಕ್ಕಳಾಗಿ ಜನಿಸಿದರು.

ಸುದತ್ತಾಚಾರ್ಯರಿಂದ ಸತ್ಯವನ್ನರಿತ ಯಶೋಮತಿಯು ಹಿಂಸೆಯನ್ನು ತೊರೆದನು. ಅವಳಿಗಳಲ್ಲೊಬ್ಬನಾದ ಅಭಯರುಚಿಯು, ತನ್ನನ್ನೇ ಬಲಿಗೊಡಲು ನಿಂತ ಮಾರಿದತ್ತನಿಗೆ ಈ ವೃತ್ತಾಂತವನ್ನೆಲ್ಲ ತನ್ನ ತಪ್ಪನ್ನೂ ಬಿಡದೆ ಹೇಳಿದನು. ಅದನ್ನು ಕೇಳಿ ಆ ಅರಸನೂ ಬಲಿಯನ್ನು ನಿಲ್ಲಿಸಿದನು.

ಹಿರಿಯರು ನುಂಗಿದ ನೋವು ಕಿರಿಯರ ಬಾಳಿನಲ್ಲಿ ಬೇರೆ ವೇಷ ತೊಟ್ಟು ಬರುತ್ತದೆ. ಉಳ್ಳುದನ್ನು ಉಳ್ಳಂತೆ ನುಡಿದು, ಕೇಳುವವರಿದ್ದಾಗ ಅದು ಶಮನಗೊಳ್ಳುತ್ತದೆ. ಈ ಕಾವ್ಯವನ್ನು ಪಾಠ ಹೇಳುವ ಅಧ್ಯಾಪಕರು, ತರಗತಿಯಲ್ಲಿ ಮೌನವಾಗಿ ಕುಳಿತ ಮಗುವಿನ ಹಿಂದೆ ಒಂದು ಮನೆಯ ಮೌನವೂ ಇದ್ದೀತೆಂಬುದನ್ನು ಮರೆಯಲಾಗದು.